ನಾಲ್ಕನೇ ಕೇಬಲ್

ಕ್ಯಾಮೆರಾ ನಿಂತುಹೋಗಿದೆ ಎಂದು ಯಾರಾದರೂ ಫೋನ್ ಮಾಡಿದರೆ, ಯಾವ ಹೊತ್ತಿಗೆ ನಿಲ್ಲುತ್ತದೆ ಎಂದು ಮೊದಲು ಕೇಳುತ್ತೇನೆ. ಮಳೆ ಬಂದಾಗ ನಿಂತರೆ ಹೊರಗಡೆ ಎಲ್ಲೋ ಜೋಡಣೆಯೊಳಗೆ ನೀರು ಹೋಗಿದೆ. ಕತ್ತಲಾದ ಮೇಲೆ ನಿಂತರೆ ಕರೆಂಟು ಸಾಲುತ್ತಿಲ್ಲ. ಕತ್ತಲಲ್ಲಿ ನೋಡಲೆಂದು ಅದರೊಳಗೊಂದು ಕಾಣದ ದೀಪವಿದೆ, ಅದು ಹೊತ್ತಿಕೊಂಡ ಕೂಡಲೇ ಹೆಚ್ಚು ಕರೆಂಟು ಎಳೆಯುತ್ತದೆ. ಮಧ್ಯಾಹ್ನದ ಸೆಕೆಗೆ ನಿಂತರೆ ಚಿತ್ರ ಶೇಖರಿಸಿಡುವ ರೆಕಾರ್ಡರನ್ನು ಗಾಳಿಯಾಡದ ಕಡೆ ತುರುಕಿದ್ದಾರೆ. ಮುಕ್ಕಾಲು ಪಾಲು ಕಂಪ್ಲೇಂಟು ಇಷ್ಟರಲ್ಲೇ ಮುಗಿಯುತ್ತದೆ. ಬೆಳಿಗ್ಗೆ ಹತ್ತೂ ನಲವತ್ತಕ್ಕೆ ನಿಂತು ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ತಾನಾಗಿ ಎದ್ದು ಕೂರುವ ಕ್ಯಾಮೆರಾವನ್ನು ಮಾತ್ರ ನಾನು ಪರ್ತ್‌ಗೆ ಬರುವ ತನಕ ನೋಡಿರಲಿಲ್ಲ.

ನಾನು ಇಂಜಿನಿಯರ್. ಇದನ್ನು ಹೇಳದೆ ಮುಂದೆ ಹೋಗಲು ನನಗೆ ಆಗುವುದಿಲ್ಲ. ಅಪ್ಪ ದಾವಣಗೆರೆಯ ಒಂದು ಟಾಕೀಸಿನಲ್ಲಿ ಗೇಟ್‌ಕೀಪರ್. ಅಮ್ಮ ಅದೇ ಟಾಕೀಸು ಗುಡಿಸುತ್ತಿದ್ದಳು. ಎರಡೂ ಕಡೆಯ ಮನೆತನದಲ್ಲಿ ಹತ್ತನೇ ಕ್ಲಾಸು ದಾಟಿದವನು ನಾನೇ ಮೊದಲು. ಹಾಸ್ಟೆಲ್ಲಿನ ನೀರುಸಾರು ಉಂಡು, ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದು, ಮೂರನೇ ಸಲ ಪಾಸಾಗಿ ತೆಗೆದುಕೊಂಡ ಎಲೆಕ್ಟ್ರಾನಿಕ್ಸ್ ಡಿಗ್ರಿ ಅದು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಅಡಿಲೇಡ್‌ನಲ್ಲಿ ಇಳಿದಾಗ, ಹೋದ ಕಡೆಯೆಲ್ಲ ಇಲ್ಲಿನ ಅನುಭವ ಇದೆಯಾ ಎಂದು ಕೇಳಿದರು. ಇಲ್ಲಿ ಕೆಲಸ ಕೊಡದೆ ಇಲ್ಲಿನ ಅನುಭವ ಎಲ್ಲಿಂದ ತರಲಿ? ಆರು ತಿಂಗಳು ನೋಡಿ, ಕ್ಯಾಮೆರಾ ಹಾಕುವ ಒಬ್ಬ ವಯಸ್ಸಾದ ಆಸ್ಟ್ರೇಲಿಯನ್ನನ ಹತ್ತಿರ ಏಣಿ ಹಿಡಿಯಲು ಸೇರಿಕೊಂಡೆ.

ಕೆಲಸ ಕಲಿಸಿದವನು ಆತನೇ. ಏಣಿ ಹತ್ತುವ ಮೊದಲು ಕ್ಯಾಮೆರಾವನ್ನು ನೆಲದ ಮೇಲೇ ಜೋಡಿಸಿ ಓಡಿಸಿ ನೋಡು. ಕೇಬಲ್ಲಿನ ತುದಿಯ ಮೇಲೆ ಒಂದಿಷ್ಟು ಅನುಮಾನ ಬಂದರೂ ವಾದ ಮಾಡಬೇಡ, ಕತ್ತರಿಸಿ ಹೊಸ ತುದಿ ಹಾಕು. ಗೋಡೆಯೊಳಗೆ ಕೇಬಲ್ ಹೋಗುವ ಮುಂಚೆ ಒಂದು ಸುತ್ತು ಕೆಳಗೆ ಜೋಲು ಬಿಡು, ನೀರು ಅಲ್ಲಿಂದಲೇ ತೊಟ್ಟಿಕ್ಕಿ ಹೋಗುತ್ತದೆ. ಅಡಿಲೇಡ್‌ನ ಬೇಸಿಗೆಯಲ್ಲಿ ಹೆಂಚಿನ ಕೆಳಗೆ ತೆವಳಿ, ಅಲ್ಲಿ ಸೆಕೆ ತಡೆಯಲು ಹಾಸಿರುವ ಗಾಜಿನ ನಾರಿನ ಹತ್ತಿ ಕುತ್ತಿಗೆಗೆ ಹತ್ತಿ, ಸ್ನಾನ ಮಾಡಿದರೂ ಹೋಗದೆ ಕೆರೆದುಕೊಳ್ಳುತ್ತಾ ಊರಿಗೆ ಫೋನ್ ಮಾಡುತ್ತಿದ್ದೆ. ಅಪ್ಪ ಒಂದು ದಿನ ಕೇಳಿದರು, ಇಂಜಿನಿಯರ್ ಅಂದ್ರೆ ಅಟ್ಟ ಹತ್ತೋದೇನಪ್ಪಾ ಅಂತ. ಇಲ್ಲಿ ಹಂಗೇ ಅಪ್ಪಾ ಅಂದೆ. ಅವರು ನಂಬಿದರೋ, ನನಗೋಸ್ಕರ ನಂಬಿದ ಹಾಗೆ ಮಾಡಿದರೋ.

ಹೆಂಡತಿಗೆ ಬ್ರಿಸ್ಬೇನ್‌ನಲ್ಲಿ ಲ್ಯಾಬ್ ಕೆಲಸ ಸಿಕ್ಕಿದ ಮೇಲೆ ಅಲ್ಲಿಗೆ ಹೋದೆವು. ಅಲ್ಲಿನ ಸನ್ನಿಬ್ಯಾಂಕ್ ಬಡಾವಣೆಯ ಅಂಗಡಿ, ಹೋಟೆಲುಗಳಲ್ಲಿ ನಾಲ್ಕು ವರ್ಷ ಇದೇ ಕೆಲಸ. ಆ ಊರಿನ ಕ್ಯಾಮೆರಾಗಳಿಗೆ ಕಳ್ಳರಿಗಿಂತ ಜೇಡ, ಹಲ್ಲಿಗಳ ಕಾಟ ಹೆಚ್ಚು. ಕ್ಯಾಮೆರಾ ಬೆಚ್ಚಗಿರುತ್ತದೆ, ಹಲ್ಲಿ ಬಂದು ಮಲಗುತ್ತದೆ. ಅದರ ದೀಪಕ್ಕೆ ಹುಳ ಬರುತ್ತದೆ, ಹುಳಕ್ಕೆ ಜೇಡ ಬಲೆ ಕಟ್ಟುತ್ತದೆ. ದಿನಸಿ ಅಂಗಡಿಯ ಯಜಮಾನನೊಬ್ಬ ರಾತ್ರಿಯೆಲ್ಲ ಯಾರೋ ಬಿಳಿ ಬಟ್ಟೆಯವರು ಓಡಾಡುತ್ತಾರೆಂದು ಹೆದರಿಕೊಂಡಿದ್ದ. ಹೋಗಿ ನೋಡಿದರೆ ಒಂದೆಳೆ ಬಲೆ. ಪೊರಕೆ ತೆಗೆದುಕೊಂಡು ಗುಡಿಸಿದೆ, ದೆವ್ವ ಬಿಟ್ಟುಹೋಯಿತು. ಇದಕ್ಕೆ ಡಿಗ್ರಿ ಬೇಕಿರಲಿಲ್ಲ.

ಆಮೇಲೆ ಪರ್ತ್. ಇಲ್ಲಿ ಲೈಸೆನ್ಸು ನನ್ನ ಹೆಸರಲ್ಲೇ ಇದೆ, ವ್ಯಾನೂ ನನ್ನದೇ. ಮಂಡಿ ಮಾತ್ರ ಮೊದಲಿನ ಹಾಗಿಲ್ಲ. ಹ್ಯಾರಿಸ್‌ಡೇಲ್ ಬಡಾವಣೆಯ ಕಡೆ ನಮ್ಮವರು ಬಹಳ ಇರುವುದರಿಂದ ಒಬ್ಬರಿಂದ ಒಬ್ಬರಿಗೆ ಹೇಳಿ ಕೆಲಸ ಬರುತ್ತದೆ. ನಮ್ಮವರ ಮನೆಯ ಕ್ಯಾಮೆರಾಗಳಿಗೆ ನಮ್ಮದೇ ತೊಂದರೆಗಳು. ಬಾಗಿಲಿಗೆ ಪ್ಲಾಸ್ಟಿಕ್ಕಿನ ಮಾವಿನ ತೋರಣ ಕಟ್ಟುತ್ತಾರೆ. ಮಧ್ಯಾಹ್ನ ಇಳಿಯುವಾಗ, ಇಲ್ಲಿನವರು ಆರ್ವೋ ಅನ್ನುವ ಹೊತ್ತಿಗೆ, ಸಮುದ್ರದ ಗಾಳಿ ಎದ್ದ ಕೂಡಲೇ ಅದು ಕ್ಯಾಮೆರಾದ ಮುಂದೆ ಕುಣಿಯುತ್ತದೆ. ಯಾರೋ ಬಂದರು, ಯಾರೋ ಬಂದರು ಎಂದು ಫೋನು ಬಡಿದುಕೊಳ್ಳುತ್ತದೆ. ರೇಜಿಗೆ ಹತ್ತಿ ಸೂಚನೆಯನ್ನೇ ಆಫ್ ಮಾಡಿಟ್ಟು, ಕಳ್ಳ ಬಂದ ದಿನ ನನಗೆ ಬೈಯುತ್ತಾರೆ. ತೋರಣವನ್ನು ನಾಲ್ಕು ಬೆರಳು ಒಳಗೆ ಕಟ್ಟಿ ಎಂದು ಎಷ್ಟು ಮನೆಯಲ್ಲಿ ಹೇಳಿದ್ದೇನೋ.

ಆ ಹತ್ತೂ ನಲವತ್ತರ ಕ್ಯಾಮೆರಾ ಇದ್ದ ಮನೆ ಒಬ್ಬ ಡಾಕ್ಟರದು. ಮೈಸೂರಿನವರು, ಇಲ್ಲಿಯ ಆಸ್ಪತ್ರೆಯಲ್ಲಿ ಕೆಲಸ. ಹೆಂಡತಿಗೆ ಪರ್ತ್ ಸಿಟಿಯಲ್ಲಿ ಆಫೀಸು, ಆರು ತಿಂಗಳ ಬಸುರಿ, ತಾಯಿ ಇಲ್ಲದ ಹುಡುಗಿ. ಹಾಗಾಗಿ ಬಾಣಂತನಕ್ಕೆ ಡಾಕ್ಟರ ತಾಯಿಯೇ ಮೈಸೂರಿನಿಂದ ಬಂದಿದ್ದರು. ಬಂದ ಎರಡನೇ ವಾರ, ಮನೆಯಲ್ಲಿ ಒಬ್ಬರೇ ಇದ್ದಾಗ, ಸಕ್ಕರೆ ಕಾಯಿಲೆಯ ಅವರು ರಕ್ತದ ಸಕ್ಕರೆ ಇಳಿದು ಹಾಲ್‌ನಲ್ಲಿ ಬಿದ್ದುಬಿಟ್ಟಿದ್ದರು. ಮಗ ಸಂಜೆ ಬಂದು ನೋಡುವ ತನಕ ನೆಲದ ಮೇಲೇ ಇದ್ದರು. ಎರಡು ದಿನ ಆಸ್ಪತ್ರೆಯಲ್ಲಿದ್ದು ಬಂದ ಮೇಲೆ ನನಗೆ ಫೋನ್ ಬಂತು. ಹೊರಗೆ ಮೂರು, ಒಳಗೆ ಹಾಲಿನಲ್ಲಿ ಒಂದು ಕ್ಯಾಮೆರಾ ಬೇಕು. ಅಳತೆ ತೆಗೆದುಕೊಳ್ಳಲು ಹೋದ ದಿನವೇ ಡಾಕ್ಟರು ಸ್ಪಷ್ಟವಾಗಿ ಹೇಳಿದರು: ಹಾಲಿನ ಕ್ಯಾಮೆರಾ ನೆಟ್ಟಗೆ ನಡೆದರೆ ಅಮ್ಮ ಇಲ್ಲಿರ್ತಾರೆ, ಇಲ್ಲದಿದ್ದರೆ ಒಬ್ಬರನ್ನೇ ಬಿಟ್ಟು ಡ್ಯೂಟಿಗೆ ಹೋಗೋದಕ್ಕೆ ನನ್ನ ಕೈಲಿ ಆಗಲ್ಲ, ಮೈಸೂರಿಗೆ ಅಕ್ಕನ ಮನೆಗೆ ಕಳಿಸಿಬಿಡ್ತೀನಿ. ಆ ತಾಯಿ ಅಲ್ಲೇ ಅವರೆಕಾಳು ಬಿಡಿಸುತ್ತಾ ಕೂತಿದ್ದರು.

ಇಲ್ಲಿ ಎಲ್ಲರೂ ಕರೆಯುವ ಹಾಗೆ ನಾನು ಆಂಟಿ ಅಂದಿದ್ದಕ್ಕೆ, ತಲೆ ನರೆತಿದೆ ನಿಂಗೆ, ನಾನು ನಿಂಗೆ ಆಂಟಿನಾ, ಅಮ್ಮ ಅನ್ನು ಅಂದರು. ಅವತ್ತಿನಿಂದ ಅಮ್ಮ.

ಇಂಟರ್ನೆಟ್ಟಿನ ತಂತಿ ಬಂದು ಸೇರುವ ಜಾಗ ಆ ಮನೆಯಲ್ಲಿ ಹಾಸಿಗೆ ಬಟ್ಟೆ ಇಡುವ ಕಪಾಟಿನಲ್ಲಿತ್ತು. ಆ ಕಪಾಟೇ ನಮ್ಮವರ ಅರ್ಧ ಮನೆಗಳಲ್ಲಿ ದೇವರಮನೆ. ಮೇಲಿನ ಹಲಗೆಯಲ್ಲಿ ದೇವರು, ಕೆಳಗಿನ ಹಲಗೆಯಲ್ಲಿ ನನ್ನ ರೆಕಾರ್ಡರ್. ನಾಲ್ಕು ಕೇಬಲ್ಲುಗಳಿಗೂ ಚೀಟಿ ಅಂಟಿಸಿದೆ. ಮನೆಯವರು ಕನ್ನಡದವರಲ್ಲವಾ ಎಂದು, ಸ್ವಲ್ಪ ಜಂಭದಿಂದಲೇ, ಕನ್ನಡದಲ್ಲಿ ದುಂಡಗೆ ಬರೆದೆ: ಗೇಟು, ಗ್ಯಾರೇಜು, ಹಿತ್ತಿಲು, ಹಾಲು. ಕೊನೆಯದನ್ನು ಓದಿ ಅಮ್ಮ ನಕ್ಕು, ಹಾಲು ಯಾವ ಪೈಪಿನಲ್ಲಿ ಬರುತ್ತೆ ಅಂದರು. ಕಿತ್ತು, 'ಹಾಲ್' ಎಂದು ಬರೆದು ಅಂಟಿಸಿದೆ. ಎಲ್ಲ ಮುಗಿದ ಮೇಲೆ, ನೋಡಿ ಎಷ್ಟು ಚೆನ್ನಾಗಿ ಕಾಣುತ್ತೆ ಎಂದು ಫೋನಿನಲ್ಲಿ ಅವರನ್ನೇ ಅವರಿಗೆ ತೋರಿಸಿದೆ. ನೆಲದ ಮೇಲೆ ಕಾಲು ಚಾಚಿ ಕೂತ ಒಬ್ಬ ಹೆಂಗಸು, ಮೇಲಿನಿಂದ. ಅಮ್ಮ ತುಂಬ ಹೊತ್ತು ನೋಡಿದರು. ಸೆರಗು ಸರಿಮಾಡಿಕೊಂಡು ಎದ್ದುಹೋದರು. ನಾನು ಏಣಿ ಮಡಚುತ್ತಿದ್ದೆ, ಅದರ ಕಡೆ ಗಮನ ಕೊಡಲಿಲ್ಲ.

ಮೂರನೇ ದಿನಕ್ಕೇ ಕಂಪ್ಲೇಂಟು. ಬೆಳಿಗ್ಗೆಯಿಂದ ಸಂಜೆ ತನಕ ನಾಲ್ಕೂ ಕ್ಯಾಮೆರಾ ಸತ್ತಿವೆ ಅಂತ. ಹೋದ ಕೂಡಲೇ ಕಾರಣ ಗೊತ್ತಾಯಿತು. ದೇವರ ಸೀರಿಯಲ್ ದೀಪಕ್ಕೂ ನನ್ನ ರೆಕಾರ್ಡರಿಗೂ ಒಂದೇ ಪವರ್ ಬೋರ್ಡು. ಪೂಜೆ ಆದ ಮೇಲೆ ಅಮ್ಮ ಗೋಡೆಯ ಸ್ವಿಚ್ಚು ಆರಿಸುತ್ತಿದ್ದರು. ಸಂಜೆ ದೀಪ ಹಚ್ಚುವಾಗ ಮತ್ತೆ ಹಾಕುತ್ತಿದ್ದರು. ನಮ್ಮಲ್ಲಿ ಯಾರು ಹಾಗೆ ಮಾಡುವುದಿಲ್ಲ? ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಟೀವಿ, ಕೆಲಸ ಮುಗಿದ ಮೇಲೆ ಗೋಡೆಯಲ್ಲೇ ಆರಿಸಬೇಕು, ಇಲ್ಲದಿದ್ದರೆ ನಮ್ಮ ಹಿರಿಯರಿಗೆ ನಿದ್ದೆ ಬರುವುದಿಲ್ಲ. ಇದು ನನ್ನದೇ ತಪ್ಪು, ಮೊದಲೇ ಯೋಚಿಸಬೇಕಿತ್ತು. ರೆಕಾರ್ಡರಿಗೆ ಬೇರೆ ಸಾಕೆಟ್ ಕೊಟ್ಟು, ಸ್ವಿಚ್ಚಿನ ಮೇಲೆ ಟೇಪು ಸುತ್ತಿ, 'ಆರಿಸಬೇಡಿ' ಎಂದು ಬರೆದು ಬಂದೆ. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ನೀವೂ ಇಷ್ಟು ಮಾಡಿ.

ಹತ್ತು ದಿನ ಸುಮ್ಮನಿತ್ತು. ಆಮೇಲೆ ಹಾಲಿನದೊಂದೇ ಕ್ಯಾಮೆರಾ, ಹತ್ತೂ ನಲವತ್ತಕ್ಕೆ. ಮೊದಲ ಸಲ ಹೋದಾಗ ಎರಡೂ ತುದಿ ಕತ್ತರಿಸಿ ಹೊಸದಾಗಿ ಹಾಕಿದೆ. ಮತ್ತೆ ಹೋಯಿತು. ಮಾಡು ಹತ್ತಿ, ಹೊಟ್ಟೆಯ ಮೇಲೆ ತೆವಳಿ, ಕೇಬಲ್ಲನ್ನೇ ಬದಲಾಯಿಸಿದೆ. ಮತ್ತೆ ಹೋಯಿತು. ಮೂರನೇ ಸಲ ಕ್ಯಾಮೆರಾವನ್ನೇ ಬದಲಾಯಿಸಿದೆ. ನನ್ನ ಕಣ್ಣೆದುರಿಗೆ ಎಲ್ಲ ಸರಿಯಿರುತ್ತಿತ್ತು. ನಾನು ಹೋಗುತ್ತಿದ್ದದ್ದು ಡಾಕ್ಟರು ಮನೆಯಲ್ಲಿರುವ ಸಂಜೆ ಹೊತ್ತಿಗೆ. ಅಮ್ಮ ಪ್ರತಿಸಲ ಕಾಫಿ ಕೊಡುತ್ತಿದ್ದರು. ಅಷ್ಟೆತ್ತರ ಹತ್ತಬೇಡಪ್ಪ, ನಿನ್ನ ಮಂಡಿ ಕಿರುಗುಟ್ಟೋದು ಕೆಳಗೆ ಕೇಳುತ್ತೆ ಎನ್ನುತ್ತಿದ್ದರು.

ಮೂರನೇ ಸಲದ ಮಾರನೇ ದಿನ ಡಾಕ್ಟರು ಆಸ್ಪತ್ರೆಯಿಂದ ಫೋನ್ ಮಾಡಿದರು. ದನಿ ಏರಿಸಲಿಲ್ಲ.

"ಒಂದು ಮಾತು ಕೇಳ್ತೀನಿ, ಬೇಜಾರಾಗಬೇಡಿ. ನೀವು ನಿಜವಾಗ್ಲೂ ಇಂಜಿನಿಯರಿಂಗ್ ಮಾಡಿದ್ದೀರಾ?"

ಮಾಡಿದ್ದೇನೆ ಅಂದೆ. ಹಾಗಾದರೆ ಶುಕ್ರವಾರದೊಳಗೆ ಸರಿಮಾಡಿ, ಇಲ್ಲದಿದ್ದರೆ ಗ್ರೂಪಿನಲ್ಲಿ ಬೇರೆ ಯಾರಾದರೂ ಇದ್ದಾರಾ ಕೇಳ್ತೀನಿ, ಅಮ್ಮನ ಟಿಕೆಟ್ಟೂ ನೋಡ್ತಾ ಇದೀನಿ ಅಂದರು. ಕನ್ನಡದವರ ಆ ಗ್ರೂಪಿನಿಂದಲೇ ನನ್ನ ಅನ್ನ. ಆದರೆ ನನ್ನನ್ನು ಕುಟುಕಿದ್ದು ಅದಲ್ಲ, ಮೊದಲ ಪ್ರಶ್ನೆ. ಫೋನ್ ಇಟ್ಟು ಒಂದು ಸರ್ವೋ, ಅಂದರೆ ಪೆಟ್ರೋಲ್ ಬಂಕಿನ ಪಕ್ಕ ವ್ಯಾನ್ ನಿಲ್ಲಿಸಿಕೊಂಡು ಕೂತೆ. ಹನ್ನೆರಡು ವರ್ಷವಾಯಿತು ಈ ದೇಶದಲ್ಲಿ. ಆ ಪ್ರಶ್ನೆಗೆ ಉತ್ತರ ಹೇಳುವ ಕೆಲಸ ಮಾತ್ರ ಇನ್ನೂ ಮುಗಿದಿಲ್ಲ.

ಶುಕ್ರವಾರ ಬೆಳಿಗ್ಗೆ ಯಾರಿಗೂ ಹೇಳದೆ ಹನ್ನೊಂದಕ್ಕೆ ಹೋದೆ. ಅಮ್ಮ ಬಾಗಿಲು ತೆಗೆಯಲು ತಡ ಮಾಡಿದರು. ಕೂದಲು ಬಿಚ್ಚಿತ್ತು, ಕೈಯಲ್ಲಿ ಎಣ್ಣೆ ವಾಸನೆ. ನೇರವಾಗಿ ಕಪಾಟಿಗೆ ಹೋದೆ. ನಾಲ್ಕನೇ ಕೇಬಲ್ ಕೆಳಗೆ ನೇತಾಡುತ್ತಿತ್ತು. ತುದಿಯನ್ನು ಹಿಡಿದು ಬೆಳಕಿಗೆ ತಂದೆ. ಬಿಚ್ಚಬೇಕಾದರೆ ಒತ್ತಬೇಕಾದ ಪುಟ್ಟ ನಾಲಿಗೆಯ ಮೇಲೆ ಕುಂಕುಮ ಮೆತ್ತಿಕೊಂಡಿತ್ತು, ಒಂದು ಹೆಬ್ಬೆಟ್ಟಿನಷ್ಟು. ನಾನು ದುಂಡಗೆ ಬರೆದ ಚೀಟಿಯ ಮೇಲೂ.

ಒಂದು ತಿಂಗಳಿನಿಂದ ಮಾಡಿನಲ್ಲಿ ತೆವಳಿದ್ದು, ಕ್ಯಾಮೆರಾ ಬದಲಾಯಿಸಿದ್ದು, ಆ ಪ್ರಶ್ನೆ, ಎಲ್ಲ ಒಟ್ಟಿಗೆ ನೆತ್ತಿಗೇರಿತು. ತಿರುಗಿ ನೋಡಿದೆ. ಅಮ್ಮ ಹಾಲಿನಲ್ಲಿ ನಿಂತಿದ್ದರು. ಹಿತ್ತಿಲ ಕಡೆಯ ಗಾಜಿನ ಬಾಗಿಲಿಂದ ಚಳಿಗಾಲದ ಬಿಸಿಲು ಒಂದು ಚಾಪೆಯಷ್ಟು ಅಗಲಕ್ಕೆ ನೆಲದ ಮೇಲೆ ಬಿದ್ದಿತ್ತು. ಅದರ ನಡುವೆ ಎಣ್ಣೆಯ ಬಟ್ಟಲು.

"ಹೇಳ್ಬಿಡ್ತೀಯಾ?" ಅಂದರು.

ಕೇಬಲ್ ಬಿಟ್ಟು ಅಲ್ಲೇ ನೆಲದ ಮೇಲೆ ಕೂತೆ. ಅವರೂ ಕೂತರು. ಅವರು ನಿಧಾನವಾಗಿ ಹೇಳಿದ್ದು ಇಷ್ಟು. ಅವರ ರೂಮು ಆ ಕಡೆಗಿದೆ, ದಿನವಿಡೀ ಬಿಸಿಲು ಬರುವುದಿಲ್ಲ, ಕಾಲು ಮರಗಟ್ಟುತ್ತದೆ. ಮನೆಯೊಳಗೆ ಬಿಸಿಲು ಬೀಳುವುದು ಇಲ್ಲೊಂದೇ ಕಡೆ, ಅದೂ ಒಂದು ಗಂಟೆ. ಸೀರೆಯನ್ನು ಮಂಡಿಯ ಮೇಲಕ್ಕೆ ಎತ್ತಿಕೊಂಡು, ಎಣ್ಣೆ ತಿಕ್ಕಿಕೊಂಡು, ಕೂದಲು ಒಣಗಿಸಿಕೊಂಡು ಕೂರುತ್ತಾರೆ. ಮೊದಲ ಮೂರು ದಿನ ಸ್ವಿಚ್ಚು ಆರಿದ್ದಾಗ ಅವರಿಗೇನೂ ಗೊತ್ತಿರಲಿಲ್ಲ. ನಾನು ಬಂದು ಸರಿಮಾಡಿ ಹೋದ ಮೇಲೆ ಮಗ ಆಸ್ಪತ್ರೆಯಿಂದಲೇ ಫೋನ್ ಮಾಡತೊಡಗಿದ: ನೆಲದ ಮೇಲೆ ಯಾಕಮ್ಮಾ, ಸೋಫಾ ಮೇಲೆ ಕೂತ್ಕೋ, ಇನ್ನೂ ತಿಂಡಿ ತಿಂದಿಲ್ವಾ, ಅದು ಎರಡನೇ ರವೆಉಂಡೆ ಅಲ್ವಾ. ಆಗ ಅವರಿಗೆ ನಾನು ಫೋನಿನಲ್ಲಿ ತೋರಿಸಿದ್ದು ನೆನಪಾಯಿತಂತೆ.

"ಅವನ ಫೋನು ಅಲ್ಲಿ ಮೇಜಿನ ಮೇಲಿರುತ್ತೆ. ಪಕ್ಕದಲ್ಲಿ ಯಾರ್ಯಾರು ಕೂತಿರ್ತಾರೋ. ನನ್ನ ತೊಡೆ, ನನ್ನ ನೆತ್ತಿ. ನೀನೇ ಚೀಟಿ ಅಂಟ್ಸಿದ್ದೆ, ಓದ್ಕೊಂಡು ಕಿತ್ತೆ."

ಆ ಹೊತ್ತಿನಲ್ಲೇ ಬಿದ್ದುಬಿಟ್ಟರೆ ಏನಮ್ಮಾ ಗತಿ ಎಂದು ಕೇಳಿದೆ.

"ಆ ಒಂದು ಗಂಟೆ ಬೀಳಲ್ಲ ಬಿಡು."

ನಗು ಬಂತು. ಅವರು ನಗಲಿಲ್ಲ. ಹೇಳಿದರೆ ಅವನು ಇವತ್ತೇ ಟಿಕೆಟ್ ಮಾಡುತ್ತಾನೆ, ಆ ಹುಡುಗಿಗೆ ಎಣ್ಣೆನೀರು ಹಾಕುವವರು ಯಾರಿದ್ದಾರೆ, ಮೊಮ್ಮಗುವನ್ನು ನಾನು ಫೋನಿನಲ್ಲೇ ನೋಡಬೇಕಾಗುತ್ತದೆ ಅಂದರು. ಬೇಡಿಕೊಳ್ಳುವ ದನಿಯಲ್ಲಿ ಹೇಳಲಿಲ್ಲ. ಆಗುವುದನ್ನು ಹೇಳುವ ಹಾಗೆ ಹೇಳಿದರು.

ಎರಡು ದಾರಿ ಇದ್ದವು. ನಿಮ್ಮ ತಾಯಿಯೇ ಕೀಳುತ್ತಿದ್ದಾರೆ ಎಂದರೆ ನನ್ನ ಡಿಗ್ರಿ ಉಳಿಯುತ್ತದೆ, ಅವರು ವಿಮಾನ ಹತ್ತುತ್ತಾರೆ. ನನಗೆ ಗೊತ್ತಾಗುತ್ತಿಲ್ಲ ಎಂದರೆ ಅವರ ಬಿಸಿಲು ಉಳಿಯುತ್ತದೆ, ಆದರೆ ಶುಕ್ರವಾರದ ಗಡುವಿದೆ; ಬೇರೆ ಯಾರೋ ಬಂದು ಇದೇ ಕುಂಕುಮವನ್ನು ನೋಡುತ್ತಾರೆ. ಮತ್ತೆ, ನಿಜ ಹೇಳುತ್ತೇನೆ, ಕೆಲಸ ಬರದವನು ಎಂದು ಅನ್ನಿಸಿಕೊಂಡು ಹೋಗಲು ನನ್ನ ಮನಸ್ಸು ಒಪ್ಪಲಿಲ್ಲ. ಅವರಿಗೋಸ್ಕರ ಅದನ್ನು ಸಹಿಸಿಕೊಂಡು ದೊಡ್ಡ ಮನುಷ್ಯನಾಗುವಷ್ಟು ತ್ರಾಣವೂ ಉಳಿದಿರಲಿಲ್ಲ. ಮಗ ಬರುವ ತನಕ ಇರುತ್ತೇನೆ ಅಂದೆ. ಅಮ್ಮ ಅನ್ನ ಸಾರು ಬಡಿಸಿದರು. ಇಬ್ಬರೂ ಕೂತು ಉಂಡೆವು.

ಡಾಕ್ಟರು ಮೂರೂವರೆಗೆ ಬಂದರು. ಅಷ್ಟು ಹೊತ್ತೂ ಕೂತು ಜೋಡಿಸಿಕೊಂಡ ಮಾತನ್ನು ಹೇಳಿದೆ: ಮೆಷಿನ್ನಿನಲ್ಲಿ ಫಾಲ್ಟ್ ಇಲ್ಲ ಡಾಕ್ಟ್ರೇ, ಕ್ಯಾಮೆರಾದ ಜಾಗ ತಪ್ಪು, ಜಾಗ ಆರಿಸಿದ್ದು ನಾನು, ಬೇರೆ ಕಡೆ ಹಾಕಿಕೊಡುತ್ತೇನೆ. ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ.

ಅವರು ಫೋನ್ ತೆಗೆದು, ಕ್ಯಾಮೆರಾ ನಿಂತ ಹೊತ್ತುಗಳ ಪಟ್ಟಿ ತೋರಿಸಿದರು. ಕೆಂಪಕ್ಷರದಲ್ಲಿ ಸಾಲು ಸಾಲು.

"ದಿನಾ ಹತ್ತೂ ನಲವತ್ತಕ್ಕೆ ಜಾಗ ತಪ್ಪಾಗುತ್ತಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ ಅಂದರು, "ಅವನನ್ನ ಯಾಕೆ ಕೇಳ್ತೀಯ. ನಾನೇ ಕಿತ್ತಿದ್ದು."

ಆಮೇಲೆ ನಡೆದದ್ದನ್ನೆಲ್ಲ ಬರೆಯುವುದಿಲ್ಲ, ಅದು ಅವರ ಮನೆಯ ಮಾತು. ಮಗ ಮೊದಲು ಸಿಟ್ಟಾದರು, ಆಮೇಲೆ ಹೆದರಿದರು. ಅವತ್ತು ನೆಲದ ಮೇಲೆ ತಾಯಿಯನ್ನು ನೋಡಿದ್ದನ್ನು ಎರಡೆರಡು ಸಲ ಹೇಳಿದರು. ದಿನಾ ಬಿದ್ದವರನ್ನೇ ನೋಡುವ ಡಾಕ್ಟರು ಅವರು. ರೂಮಿಗೆ ಹೀಟರ್ ಹಾಕಿಸಿಕೊಡುತ್ತೇನೆ ಅಂದರು, ಕ್ಯಾಮೆರಾದ ದನಿ ಆಫ್ ಮಾಡಿಸುತ್ತೇನೆ ಅಂದರು, ಕೊನೆಗೆ ಟಿಕೆಟ್ಟಿನ ಮಾತಿಗೇ ಬಂದರು. ನಾನು ವ್ಯಾನಿಗೆ ಹೋಗುತ್ತೇನೆಂದು ಎದ್ದೆ. ಅಮ್ಮ ಕೂತ್ಕೋ ಎಂದು ಕೈಯಲ್ಲೇ ಹೇಳಿದರು.

"ನಾನು ಬಿದ್ದಾಗ ನಿಮ್ಮ ಆಸ್ಪತ್ರೆಗೇ ಕರ್ಕೊಂಡು ಹೋದ್ಯಲ್ಲ. ಸೀರೆ ಬಿಚ್ಚೋವಾಗ ಆ ನರ್ಸಮ್ಮ ಏನು ಮಾಡಿದ್ಲು ಗೊತ್ತಾ? ಮೊದಲು ಸುತ್ತ ಪರದೆ ಎಳೆದ್ಲು. ನಂಗೆ ಪ್ರಜ್ಞೆನೇ ಸರಿಯಾಗಿರ್ಲಿಲ್ಲ, ಆದ್ರೂ ಎಳೆದ್ಲು. ನಿನ್ನ ಮನೇಲಿ ಪರದೆ ಎಲ್ಲಿದೆ?"

ಡಾಕ್ಟರು ಸೋಫಾ ಮೇಲೆ ಕೂತರು. ಶೂ ಕೂಡ ಬಿಚ್ಚಿರಲಿಲ್ಲ. ನನ್ನ ಕಡೆ ತಿರುಗಿ, ನೀವೇ ಹೇಳಿ, ಏನು ಮಾಡಬಹುದು ಅಂದರು.

ಇದಕ್ಕೆ ನನ್ನ ಹತ್ತಿರ ಉತ್ತರವಿತ್ತು, ಊಟ ಮಾಡುವಾಗಲೇ ಗೋಡೆಗಳನ್ನು ಅಳೆದುಕೊಂಡಿದ್ದೆ. ಕ್ಯಾಮೆರಾವನ್ನು ಹಾಲಿನಿಂದ ತೆಗೆದು ಪ್ಯಾಸೇಜಿನ ಮೂಲೆಗೆ ಹಾಕಿದರೆ ಅಡುಗೆಮನೆ, ಬಚ್ಚಲಿನ ಬಾಗಿಲು, ರೂಮಿನ ಬಾಗಿಲು ಮೂರೂ ಕಾಣುತ್ತವೆ. ಜಾರುವುದು, ಎಡವುವುದು ಹೆಚ್ಚಾಗಿ ಅಲ್ಲೇ. ಬಿಸಿಲಿನ ಜಾಗ ಕಾಣುವುದಿಲ್ಲ. ಅದಕ್ಕೆ ಒಂದು ಒತ್ತುಗುಂಡಿ ಕೊಡುತ್ತೇನೆ; ತಲೆ ಸುತ್ತಿದರೆ ಒತ್ತಿದರಾಯಿತು, ಮಗನ ಫೋನು ಬಡಿದುಕೊಳ್ಳುತ್ತದೆ. ಹನ್ನೆರಡು ಗಂಟೆಗೆ ಅಮ್ಮನೇ ಒಂದು ಸಲ ಫೋನ್ ಮಾಡಬೇಕು. ಪ್ರಜ್ಞೆ ತಪ್ಪಿದರೆ ಗುಂಡಿ ಒತ್ತೋರು ಯಾರು ಎಂದು ಡಾಕ್ಟರು ಕೇಳಿದರು. ಆಗ ಆ ಒಂದು ಗಂಟೆಯ ಅಪಾಯ ಉಳಿಯುತ್ತದೆ, ಅದನ್ನು ತೆಗೆಯುವ ಮೆಷಿನ್ ನನ್ನ ಹತ್ತಿರ ಇಲ್ಲ ಅಂದೆ. ಅವರು ತಾಯಿಯನ್ನು ನೋಡಿದರು. ತಾಯಿ, ಬೆಳಿಗ್ಗೆ ತಿಂಡಿ ತಿಂದೇ ಬಿಸಿಲಿಗೆ ಕೂರ್ತೀನಿ, ಆಯ್ತಾ ಅಂದರು. ಆ ಮನೆಯಲ್ಲಿ ಒಪ್ಪಂದ ಆದದ್ದು ಹಾಗೆ. ಡಾಕ್ಟರು ನಿಟ್ಟುಸಿರು ಬಿಟ್ಟು, ಸರಿ, ಟಿಕೆಟ್ ಮೊದಲು ಇದ್ದ ತಾರೀಖಿಗೇ ಇರಲಿ ಅಂದರು. ಮಗು ಹುಟ್ಟಿ ಮೂರು ತಿಂಗಳಾದ ಮೇಲಿನ ತಾರೀಖು ಅದು.

ವ್ಯಾನಿನಿಂದ ಗುಂಡಿ ತಂದುಕೊಟ್ಟೆ. ದಾರ ಹಾಕಿ ಕುತ್ತಿಗೆಗೆ ಕಟ್ಟಿಕೊಳ್ಳುವಂಥದ್ದು. ಹಸುವಿಗೆ ಕಟ್ಟೋ ಗಂಟೆ ತಂದ್ಯಾ ಎಂದು ಬೈದು, ದಾರ ಕಿತ್ತು, ಪಿನ್ನು ಚುಚ್ಚಿ ಸೊಂಟದಲ್ಲಿ ಸಿಕ್ಕಿಸಿಕೊಂಡರು.

ಈಗ ಮನೆಯೊಳಗೆ ಕ್ಯಾಮೆರಾ ಕೇಳಿದರೆ, ಅದರಲ್ಲಿ ಕಾಣುವವರು ಯಾರೋ ಅವರನ್ನು ಮೊದಲು ಕೂರಿಸಿಕೊಂಡು ಕೇಳುತ್ತೇನೆ, ಆಮೇಲೆ ಡ್ರಿಲ್ಲು ಮುಟ್ಟುತ್ತೇನೆ. ದುಡ್ಡು ಕೊಡುವವರಿಗೆ ಇದು ಹಿಡಿಸುವುದಿಲ್ಲ. ಒಂದೆರಡು ಕೆಲಸ ಹೋಗಿವೆ, ಹೋಗಲಿ.

ಅವತ್ತು ಸಂಜೆ ಹಾಲಿನ ಗೋಡೆಯ ತೂತಿಗೆ ಪುಟ್ಟಿ ತುಂಬಿ, ಪ್ಯಾಸೇಜಿನಲ್ಲಿ ಕ್ಯಾಮೆರಾ ಕೂರಿಸಿದೆ. ಡಾಕ್ಟರು ಏಣಿ ಹಿಡಿದಿದ್ದರು. ಇಳಿದ ಮೇಲೆ ಅಮ್ಮ ನನ್ನ ಫೋನು ಕೇಳಿ ಇಸಿದುಕೊಂಡು, ಕನ್ನಡಕ ಮೂಗಿಗೆ ಏರಿಸಿ, ಮೂರು ಬಾಗಿಲುಗಳನ್ನೂ ಒಂದೊಂದಾಗಿ ನೋಡಿದರು. ಫೋನು ನನ್ನ ಕೈಗೆ ಕೊಟ್ಟು, ನೋಡ್ತಾ ಇರು ಎಂದು, ಪ್ಯಾಸೇಜಿನಲ್ಲಿ ನಡೆದು ಹಾಲಿಗೆ ಹೋದರು. ಫೋನಿನ ಪರದೆಯ ಅಂಚಿನಲ್ಲಿ ಸೆರಗಿನ ತುದಿ ಒಂದು ಕ್ಷಣ ಇತ್ತು, ಆಮೇಲೆ ಬರೀ ನೆಲ.

"ಈಗ ಕಾಣ್ತೀನಾ?" ಒಳಗಿಂದ ಕೇಳಿದರು.

"ಇಲ್ಲಮ್ಮ," ಎಂದು ನನಗಿಂತ ಮುಂಚೆ ಮಗ ಹೇಳಿದರು.